ಒಂದು ಹನಿಯಷ್ಟು ವ್ಯತ್ಯಾಸ: ಬಿಡಿಎನ್‌ಎಫ್ ಜೀನ್ ಮತ್ತು ಮಿದುಳಿನ ಅಳತೆ

ಪುಟ್ಟ ನಳಿಕೆಯಲ್ಲಿ ಎಂಜಲು ತುಂಬಿಸಿ ಕೊರಿಯರ್ ಮಾಡಿದರೆ ಕೆಲವು ವಾರಗಳಲ್ಲಿ ಜೀನ್ ವರದಿ ಮೊಬೈಲಿಗೆ ಬಂದು ಬೀಳುತ್ತದೆ. ದುಬೈಯಲ್ಲೋ ಬೆಂಗಳೂರಿನಲ್ಲೋ ಇರುವ ಮಕ್ಕಳು ಉಡುಪಿ, ಮಂಗಳೂರಿನ ಮನೆಯಲ್ಲಿರುವ ಅಪ್ಪ ಅಮ್ಮನಿಗೆ ಇಂಥ ಕಿಟ್ ತರಿಸಿಕೊಡುವುದುಂಟು. ವರದಿಯಲ್ಲಿ ನೆನಪಿನ ಶಕ್ತಿಯ ಪುಟ ಇದ್ದರೆ ಅಲ್ಲಿ ಬಿಡಿಎನ್‌ಎಫ್ ಎಂಬ ಹೆಸರು, ಪಕ್ಕದಲ್ಲಿ ಆರ್‌ಎಸ್6265 ಎಂಬ ಸಂಖ್ಯೆ ಕಾಣಬಹುದು. ಅದರ ಕೆಳಗೆ ಮಿದುಳಿನ ನೆನಪಿನ ಭಾಗ ಚಿಕ್ಕದಿರುವ ಸಾಧ್ಯತೆ ಇದೆ ಎಂಬ ಅರ್ಥದ ಒಂದು ಸಾಲು. ಅರುವತ್ತು ದಾಟಿದವರು ಅದನ್ನು ಓದಿದರೆ ಎದೆ ಧಸಕ್ ಎನ್ನದೆ ಇರದು.

ಆ ಸಾಲು ಪೂರ್ತಿ ಕಟ್ಟುಕತೆಯಲ್ಲ. ಅದರ ಹಿಂದೆ ನಿಜವಾದ ಜೀವರಸಾಯನವಿದೆ, ಒಳ್ಳೆಯ ಪ್ರಯೋಗಾಲಯಗಳ ಕೆಲಸವಿದೆ. ಆದರೆ 'ಪರಿಣಾಮ ಇದೆಯೋ ಇಲ್ಲವೋ' ಎಂದು ಕೇಳಿದರೆ ದಾರಿ ತಪ್ಪುತ್ತೇವೆ. ಕೇಳಬೇಕಾದ್ದು 'ಎಷ್ಟು' ಎಂದು. ಆ 'ಎಷ್ಟು' ಎಂಬುದನ್ನು ಅಳೆಯಲು ಹೊರಟಾಗ ಏನೇನು ಎಡವಟ್ಟಾಗುತ್ತದೆ ಎಂಬುದನ್ನು ತಿಳಿದರೆ, ಮುಂದೆ ಬರುವ ಇಂಥ ಹತ್ತಾರು ಸುದ್ದಿಗಳನ್ನೂ ತೂಗಿ ನೋಡಬಹುದು.

ಮೊದಲು ಅಂಗದ ವಿಚಾರ. ಕಿವಿಯಿಂದ ಒಳಕ್ಕೆ ಹೋದರೆ ಮಿದುಳಿನ ಎರಡೂ ಬದಿಯಲ್ಲಿ ಒಂದೊಂದು ಹಿಪೊಕ್ಯಾಂಪಸ್ ಇದೆ. ಕಡಲಕುದುರೆಯಂತೆ ಬಾಗಿದ ಆಕಾರ. ಇಟಲಿಯ ಅಂಗರಚನಾ ತಜ್ಞ ಅರಾಂಜಿ 1587ರಲ್ಲಿ ಅದಕ್ಕೆ ಆ ಹೆಸರು ಕೊಟ್ಟದ್ದೇ ಅದಕ್ಕಾಗಿ. ಉದ್ದ ಸುಮಾರು ನಾಲ್ಕು ಸೆಂಟಿಮೀಟರ್, ಗಾತ್ರ ಒಂದೊಂದೂ ಮೂರರಿಂದ ನಾಲ್ಕು ಮಿಲಿಲೀಟರ್. ಕೆಮ್ಮಿನ ಸಿರಪ್ಪಿನ ಒಂದು ಚಮಚ ಐದು ಮಿಲಿಲೀಟರ್ ಅಲ್ಲವೇ, ಅದು ಪೂರ್ತಿ ತುಂಬುವುದಿಲ್ಲ. ಬೆಳಿಗ್ಗೆ ಯಾರು ಬಂದಿದ್ದರು, ಕೀಲಿಕೈ ಎಲ್ಲಿಟ್ಟೆ ಎಂಬ ಹೊಸ ನೆನಪುಗಳು ಗಟ್ಟಿಯಾಗುವುದು ಇದರ ಮೂಲಕ. ಆಲ್ಝೈಮರ್ ಕಾಯಿಲೆಯಲ್ಲಿ ಬೇಗನೆ ಸೊರಗುವ ಭಾಗಗಳಲ್ಲಿ ಇದೂ ಒಂದು. 'ಚಿಕ್ಕದು' ಎಂಬ ಮಾತಿಗೆ ಅಷ್ಟು ಹೆದರಿಕೆ ಅಂಟಿಕೊಂಡಿರುವುದು ಆ ಕಾರಣಕ್ಕೆ.

ಬಿಡಿಎನ್‌ಎಫ್ ಎಂದರೆ ನರಕೋಶಗಳನ್ನು ಪೋಷಿಸುವ ಒಂದು ಪ್ರೋಟೀನು. 1982ರಲ್ಲಿ ಈವ್ ಅಲೆನ್ ಬಾರ್ಡ್ ಮತ್ತು ಸಂಗಡಿಗರು ಹಂದಿಯ ಮಿದುಳಿನಿಂದ ಇದನ್ನು ಬೇರ್ಪಡಿಸಿದರು. ಇದರ ಜೀನು 11ನೇ ವರ್ಣತಂತುವಿನಲ್ಲಿದೆ. ತುಳುವರ 'ಬರಿ' (ಕುಲದ ಹೆಸರು) ತಾಯಿಯ ಕಡೆಯಿಂದ ಮಾತ್ರ ಬರುತ್ತದೆ. 11ನೇ ವರ್ಣತಂತು ಹಾಗಲ್ಲ. ಒಂದು ಪ್ರತಿ ಅಮ್ಮನಿಂದ, ಇನ್ನೊಂದು ಅಪ್ಪನಿಂದ. ಪ್ರೋಟೀನು ಎಂದರೆ ಅಮೈನೋ ಆಮ್ಲಗಳೆಂಬ ಮಣಿಗಳ ಸರ. ಜೀನಿನ ಒಂದು ಜಾಗದಲ್ಲಿ ಡಿಎನ್‌ಎಯ ಜಿ ಅಕ್ಷರದ ಬದಲು ಎ ಇದ್ದರೆ, ಈ ಸರದ 66ನೇ ಮಣಿಯಾಗಿ ವ್ಯಾಲಿನ್ ಬದಲು ಮೆಥಿಯೊನಿನ್ ಸೇರುತ್ತದೆ. ಹಾಗಾಗಿ ಈ ರೂಪಭೇದಕ್ಕೆ ವ್ಯಾಲ್66ಮೆಟ್ ಎಂದು ಹೆಸರು. ವರದಿಯ ಆರ್‌ಎಸ್6265 ಇದರದ್ದೇ ಸಂಖ್ಯೆ.

ವರದಿ ಓದುವವರು ಇಲ್ಲೊಂದು ವಿಷಯ ಗಮನಿಸಬೇಕು. ಕೆಲವು ಕಂಪನಿಗಳ ಫೈಲಿನಲ್ಲಿ ಜಿ, ಎ ಬದಲು ಸಿ, ಟಿ ಎಂದು ಇರುತ್ತದೆ. ಡಿಎನ್‌ಎ ಎರಡು ಎಳೆಗಳ ಹಗ್ಗ. ಈ ಜೀನು ಇರುವುದು ಹಿಮ್ಮುಖದ ಎಳೆಯಲ್ಲಿ. ಎದುರಿನ ಎಳೆಯನ್ನು ಓದಿದವರಿಗೆ ಜಿ ಬದಲು ಸಿ, ಎ ಬದಲು ಟಿ ಕಾಣುತ್ತದೆ. ಸಿಸಿ ಎಂದರೆ ಎರಡೂ ವ್ಯಾಲ್, ಸಿಟಿ ಎಂದರೆ ಒಂದೊಂದು, ಟಿಟಿ ಎಂದರೆ ಎರಡೂ ಮೆಟ್. ಇದು ಗೊತ್ತಿಲ್ಲದೆ ಇಂಟರ್ನೆಟ್ಟಿನಲ್ಲಿ ಹುಡುಕಿ ತಲೆಕೆಡಿಸಿಕೊಳ್ಳುವವರು ಬಹಳ.

ಇದು ಅಪರೂಪದ ದೋಷವೂ ಅಲ್ಲ. ಯುರೋಪಿನಲ್ಲೂ ದಕ್ಷಿಣ ಏಷ್ಯಾದಲ್ಲೂ ಈ ಜೀನಿನ ಪ್ರತಿಗಳಲ್ಲಿ ಸುಮಾರು ಐದರಲ್ಲಿ ಒಂದು ಮೆಟ್. ಪೂರ್ವ ಏಷ್ಯಾದಲ್ಲಿ ಅರ್ಧದ ಹತ್ತಿರ. ಸಹಾರಾದಿಂದ ಕೆಳಗಿನ ಆಫ್ರಿಕಾದಲ್ಲಿ ತೀರಾ ವಿರಳ. ಐದರಲ್ಲಿ ಒಂದು ಎಂದರೆ ನೂರು ಜನರಲ್ಲಿ 64 ಮಂದಿಗೆ ಎರಡೂ ವ್ಯಾಲ್, 32 ಮಂದಿಗೆ ಒಂದು ಮೆಟ್, 4 ಮಂದಿಗೆ ಎರಡೂ ಮೆಟ್. ಉಡುಪಿಯಿಂದ ಮಂಗಳೂರಿಗೆ ಹೊರಟ ಐವತ್ತು ಸೀಟಿನ ಎಕ್ಸ್‌ಪ್ರೆಸ್ ಬಸ್ಸು ತುಂಬಿದ್ದರೆ ಅದರಲ್ಲಿ ಸುಮಾರು ಹದಿನೆಂಟು ಮಂದಿ ಮೆಟ್ ಇರುವವರೇ.

ಈ ಬದಲಾವಣೆ ಮಾಡುವುದೇನು? ಅಂತಿಮ ಪ್ರೋಟೀನಿಗೆ ಏನೂ ಆಗುವುದಿಲ್ಲ. ಬಿಡಿಎನ್‌ಎಫ್ ಮೊದಲು ಉದ್ದದ ಸರವಾಗಿ ತಯಾರಾಗುತ್ತದೆ. ಆಮೇಲೆ ಮುಂದಿನ ತುಂಡು ಕತ್ತರಿಸಿ ಹೋಗಿ, ಉಳಿದದ್ದು ಕೆಲಸ ಮಾಡುತ್ತದೆ. 66ನೇ ಮಣಿ ಇರುವುದು ಕತ್ತರಿಸಿ ಹೋಗುವ ತುಂಡಿನಲ್ಲಿ. ಶಂಕರಪುರದ ಮಲ್ಲಿಗೆಯನ್ನು ನೆನೆದುಕೊಂಡರೆ ಇದು ಸುಲಭ. ಬಾಳೆನಾರಿನಲ್ಲಿ ಕಟ್ಟಿ, ಎಲೆಯಲ್ಲಿ ಸುತ್ತಿ, ಯಾವ ಊರಿಗೆ ಎಂದು ಗುರುತು ಹಾಕಿ ಗಾಡಿಗೆ ಏರಿಸುತ್ತಾರೆ. ಊರು ತಲಪಿದ ಮೇಲೆ ಎಲೆ ಬಿಚ್ಚಿ ಎಸೆಯುತ್ತಾರೆ, ಮುಡಿಗೆ ಹೋಗುವುದು ಹೂ ಮಾತ್ರ. ಮೆಟ್ ಬದಲಾವಣೆ ಹೂವಿನಲ್ಲಿ ಅಲ್ಲ, ಸುತ್ತಿದ ಎಲೆಯ ಗುರುತಿನಲ್ಲಿ. ಗುರುತು ಮಸುಕಾದರೆ ಕೆಲವು ಕಟ್ಟುಗಳು ಸರಿಯಾದ ಗಾಡಿ ಏರುವುದಿಲ್ಲ. ದಿನನಿತ್ಯದ ಮಾಮೂಲು ಹಂಚಿಕೆಗೆ ತೊಂದರೆಯಿಲ್ಲ. ಮದುವೆಯ ಸೀಸನಿನಲ್ಲಿ ಒಮ್ಮೆಲೇ ಹೆಚ್ಚು ಹೂ ಬೇಕೆಂದಾಗ ಕೊರತೆ ಬೀಳುತ್ತದೆ. ನರಕೋಶದಲ್ಲೂ ಹಾಗೆಯೇ. ಸದಾ ಹರಿಯುವ ಬಿಡಿಎನ್‌ಎಫ್ ಹರಿಯುತ್ತಲೇ ಇರುತ್ತದೆ. ಕೋಶ ಚುರುಕಾಗಿ ಕೆಲಸ ಮಾಡುವಾಗ ಹೊರಬೀಳಬೇಕಾದ ಹೆಚ್ಚುವರಿ ಮಾತ್ರ ಮೆಟ್ ಇದ್ದಾಗ ಕಡಿಮೆ. 2003ರಲ್ಲಿ ಅಮೆರಿಕದ ಮಾನಸಿಕ ಆರೋಗ್ಯ ಸಂಸ್ಥೆಯ ತಂಡ ಇದನ್ನು ಕೋಶಗಳಲ್ಲಿ ತೋರಿಸಿತು, ಮೆಟ್ ಇರುವವರು ನೆನಪಿನ ಪರೀಕ್ಷೆಯಲ್ಲಿ ತುಸು ಹಿಂದೆ ಎಂದೂ ವರದಿ ಮಾಡಿತು. 2006ರಲ್ಲಿ ಇದೇ ರೂಪಭೇದ ಸೇರಿಸಿದ ಇಲಿಗಳಲ್ಲಿ ಹಿಪೊಕ್ಯಾಂಪಸ್ ಕುಗ್ಗಿದ್ದು ಕಂಡುಬಂತು.

ಇಷ್ಟಾದ ಮೇಲೆ ಮನುಷ್ಯರಲ್ಲೂ ಅಳೆದು ನೋಡೋಣ ಎಂದು ಅನಿಸುವುದು ಸಹಜ. 2004ರಲ್ಲಿ 111 ಆರೋಗ್ಯವಂತರ ಸ್ಕ್ಯಾನ್ ನೋಡಿದ ಅಧ್ಯಯನವೊಂದು ಮೆಟ್ ಇರುವವರಲ್ಲಿ ಹಿಪೊಕ್ಯಾಂಪಸ್ ಚಿಕ್ಕದು ಎಂದಿತು. ಬೆನ್ನಿಗೇ ಇನ್ನೂ ಹಲವು ಬಂದವು, ಹೆಚ್ಚಿನವು ಕೆಲವು ಡಜನ್ ಜನರದ್ದು. ಕೆಲವರಿಗೆ ದೊಡ್ಡ ವ್ಯತ್ಯಾಸ ಸಿಕ್ಕಿತು, ಕೆಲವರಿಗೆ ಏನೂ ಸಿಗಲಿಲ್ಲ. ಏಕೆ ಹೀಗಾಯಿತು ಎಂದು ತಿಳಿಯಲು ಅಳತೆಯ ಕೋಣೆಯೊಳಗೆ ಇಳಿಯಬೇಕು.

ಎಂಆರ್‌ಐ ಮಿದುಳನ್ನು ಒಂದು ಮಿಲಿಮೀಟರ್ ಬದಿಯ ಪುಟ್ಟ ಘನಗಳಾಗಿ ನೋಡುತ್ತದೆ. ಒಂದು ಹಿಪೊಕ್ಯಾಂಪಸ್ ಎಂದರೆ ಅಂಥ ಮೂರೂವರೆ ಸಾವಿರ ಘನಗಳು. ಒಳಗಿನ ಘನಗಳಲ್ಲಿ ಗೊಂದಲವಿಲ್ಲ. ಅಂಚಿನ ಘನಗಳಲ್ಲಿ ಅರ್ಧ ಹಿಪೊಕ್ಯಾಂಪಸ್, ಅರ್ಧ ಪಕ್ಕದ ನೀರೋ ಬಿಳಿ ಭಾಗವೋ ಇರುತ್ತದೆ. ಅದನ್ನು ಒಳಗೆ ಸೇರಿಸಬೇಕೋ ಹೊರಗೆ ಬಿಡಬೇಕೋ ಎಂದು ತಂತ್ರಾಂಶ ಅಥವಾ ಗೆರೆ ಎಳೆಯುವ ವ್ಯಕ್ತಿ ತೀರ್ಮಾನಿಸಬೇಕು. ಲೆಕ್ಕಕ್ಕೆ ಹಿಪೊಕ್ಯಾಂಪಸನ್ನು ನಾಲ್ಕು ಸೆಂಟಿಮೀಟರ್ ಉದ್ದದ, ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ದಪ್ಪದ ಕೊಳವೆ ಎಂದುಕೊಳ್ಳಿ. ಅದರ ಹೊರಮೈ ಸುಮಾರು 1,500 ಚದರ ಮಿಲಿಮೀಟರ್. ಗೆರೆ ಸುತ್ತಲೂ 0.1 ಮಿಲಿಮೀಟರ್ ಒಳಗೆ ಸರಿದರೆ 150 ಘನ ಮಿಲಿಮೀಟರ್ ಮಾಯ, ಅಂದರೆ ಶೇಕಡಾ 4ಕ್ಕೂ ಹೆಚ್ಚು. 0.03 ಮಿಲಿಮೀಟರ್ ಸರಿದರೆ 45 ಘನ ಮಿಲಿಮೀಟರ್. ತಲೆಗೂದಲಿನ ದಪ್ಪದ ಅರ್ಧವೂ ಅಲ್ಲ ಅದು. ಈ 45 ಎಂಬ ಅಂಕಿಯನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತದೆ. ಔಷಧದ ಡ್ರಾಪರಿನಿಂದ ಬೀಳುವ ಒಂದು ಹನಿ ನೀರು ಸುಮಾರು 50 ಘನ ಮಿಲಿಮೀಟರ್. ಒಂದು ಹಿಪೊಕ್ಯಾಂಪಸ್ ಎಂದರೆ ಅಂಥ ಎಪ್ಪತ್ತು ಹನಿ.

ಗೆರೆ ಏಕೆ ಸರಿಯುತ್ತದೆ? ಕಾರಣಗಳು ಒಂದೆರಡಲ್ಲ. ಸ್ಕ್ಯಾನಿನ ಐದಾರು ನಿಮಿಷದಲ್ಲಿ ತಲೆ ತುಸು ಅಲುಗಿದರೆ, ಒಮ್ಮೆ ಕೆಮ್ಮಿದರೆ, ಅಂಚು ಮಸುಕಾಗುತ್ತದೆ, ಬೂದು ಭಾಗ ಇದ್ದದ್ದಕ್ಕಿಂತ ಕಡಿಮೆ ಎಂದು ಲೆಕ್ಕ ಬರುತ್ತದೆ. ವಯಸ್ಸಾದವರು, ಆತಂಕದವರು ಹೆಚ್ಚು ಅಲುಗುತ್ತಾರೆ. ಆಗ ಅಲುಗಾಟವೇ 'ಮಿದುಳು ಚಿಕ್ಕದು' ಎಂಬ ಫಲಿತಾಂಶವಾಗಿ ಕಾಣುತ್ತದೆ. 1.5 ಟೆಸ್ಲಾ (ಯಂತ್ರದ ಅಯಸ್ಕಾಂತದ ಬಲ) ಯಂತ್ರದ ಅಳತೆಗೂ 3 ಟೆಸ್ಲಾದ ಅಳತೆಗೂ ಪೂರ್ತಿ ಹೊಂದಿಕೆಯಿಲ್ಲ. ಅಧ್ಯಯನದ ನಡುವೆ ಯಂತ್ರದ ಸಾಫ್ಟ್‌ವೇರ್ ಬದಲಾದರೆ ಮೊದಲಿನವರನ್ನೂ ಆಮೇಲಿನವರನ್ನೂ ಒಟ್ಟಿಗೆ ಇಡುವಂತಿಲ್ಲ. ಮೈಯಲ್ಲಿ ನೀರಿನ ಅಂಶ ಇಳಿದರೂ ಮಿದುಳಿನ ಅಳತೆ ತುಸು ಇಳಿಯುತ್ತದೆ. ಇವೆಲ್ಲದರ ಮೇಲೆ ತಲೆಬುರುಡೆಯ ಗಾತ್ರ: ದೊಡ್ಡ ತಲೆಯಲ್ಲಿ ದೊಡ್ಡ ಹಿಪೊಕ್ಯಾಂಪಸ್ ಇರುವುದು ಸಹಜ, ಗಂಡಸರ ತಲೆ ಸರಾಸರಿಯಲ್ಲಿ ದೊಡ್ಡದು. ಹಾಗಾಗಿ ಬುರುಡೆಯ ಒಳಗಾತ್ರ, ವಯಸ್ಸು, ಲಿಂಗ ಮೂರನ್ನೂ ಲೆಕ್ಕದಲ್ಲಿ ಸರಿದೂಗಿಸದ ಅಧ್ಯಯನವನ್ನು ಪಕ್ಕಕ್ಕಿಡಬಹುದು.

ಅಳತೆ ಎಷ್ಟೇ ಚೆನ್ನಾಗಿದ್ದರೂ ಇನ್ನೊಂದು ಬಲೆ ಉಳಿಯುತ್ತದೆ, ಅದೇ ದೊಡ್ಡದು. ಅದನ್ನು ಮೀನಿನ ಬೋಟು ತಂಗುವ ಧಕ್ಕೆಯ ಬಂಗುಡೆ ಮೀನಿನಲ್ಲಿ ತೋರಿಸಬಹುದು.

ಎರಡು ಬೋಟು ಬಂದಿವೆ ಎಂದುಕೊಳ್ಳಿ. ಬಂಗುಡೆಯ ಸರಾಸರಿ ಉದ್ದ 20 ಸೆಂಟಿಮೀಟರ್. ಮೂರರಲ್ಲಿ ಎರಡು ಪಾಲು ಮೀನು 18ರಿಂದ 22ರ ಒಳಗೆ. ಎರಡನೇ ಬೋಟಿನ ಮೀನು ನಿಜವಾಗಿಯೂ ಸರಾಸರಿ 2.6 ಮಿಲಿಮೀಟರ್ ಉದ್ದ. ಬೋಟಿನ ಅಷ್ಟೂ ಮೀನು ಅಳೆಯಲಾಗದು. ಒಂದೊಂದು ಬುಟ್ಟಿಯಿಂದ 40 ತೆಗೆದು ಅಳೆಯುತ್ತೀರಿ. 40 ಮೀನಿನ ಸರಾಸರಿಗಳ ನಡುವಿನ ಅಂತರ ಬರೀ ಆಕಸ್ಮಿಕದಿಂದಲೇ ನಾಲ್ಕೂವರೆ ಮಿಲಿಮೀಟರ್ ಆಚೀಚೆ ತೂಗಾಡುತ್ತದೆ. 'ಇದು ಆಕಸ್ಮಿಕವಲ್ಲ' ಎಂದು ಸಂಖ್ಯಾಶಾಸ್ತ್ರದ ರೂಢಿಯಂತೆ ಹೇಳಲು, ಅಂದರೆ ಪಿ ಮೌಲ್ಯ (ನಿಜದಲ್ಲಿ ವ್ಯತ್ಯಾಸವೇ ಇಲ್ಲದಿದ್ದರೂ ಇಷ್ಟು ಅಂತರ ಕಾಣುವ ಸಾಧ್ಯತೆ) 0.05ಕ್ಕಿಂತ ಕೆಳಗಿಳಿಯಲು, ಅಂತರ 8.8 ಮಿಲಿಮೀಟರ್ ಆದರೂ ಇರಬೇಕು. ನೂರು ಮಂದಿ ಹೀಗೆ ಅಳೆದರೆ ಒಂಬತ್ತು ಮಂದಿಗಷ್ಟೇ ಆ ಗೆರೆ ದಾಟಲು ಸಾಧ್ಯ. ದಾಟಿದವರೆಲ್ಲ ಹೇಳುವ ಅಂತರ 8.8 ಅಥವಾ ಹೆಚ್ಚು, ನಿಜದ ಮೂರು ಪಟ್ಟಿಗಿಂತ ಮೇಲೆ! ಅವರು ಸುಳ್ಳು ಹೇಳಿಲ್ಲ, ಅಳತೆ ತಪ್ಪಿಲ್ಲ. 40 ಮೀನಿನಲ್ಲಿ ಗೆಲ್ಲಬೇಕಾದರೆ ಉತ್ಪ್ರೇಕ್ಷೆ ಆಗಲೇಬೇಕು, ಬೇರೆ ದಾರಿಯೇ ಇಲ್ಲ. ಉಳಿದ 91 ಮಂದಿ 'ಏನೂ ಸಿಗಲಿಲ್ಲ' ಎಂದು ಕಾಗದ ಮಡಚಿ ಡ್ರಾಯರಿನಲ್ಲಿ ಇಟ್ಟರೆ, ಜಗತ್ತಿಗೆ ಕಾಣುವುದು ಆ ಒಂಬತ್ತೇ. ಸಂಶೋಧಕರು ಇದನ್ನು ಗೆದ್ದವರ ಶಾಪ ಎನ್ನುತ್ತಾರೆ.

ಮೀನಿನ ಜಾಗದಲ್ಲಿ ಹಿಪೊಕ್ಯಾಂಪಸ್ ಇಟ್ಟರೆ ಲೆಕ್ಕ ಅದೇ. ಸರಾಸರಿ 3,500 ಘನ ಮಿಲಿಮೀಟರ್, ಜನರಿಂದ ಜನರಿಗೆ ಇರುವ ಹರಡಿಕೆ ಅದರ ಹತ್ತನೇ ಒಂದು ಭಾಗ ಎಂದು ಹಿಡಿಯೋಣ. ಮೆಟ್‌ನ ಪರಿಣಾಮ ಆ ಹರಡಿಕೆಯ 0.13 ಪಾಲು ಎಂದರೆ ಸಿಗುವುದು ಸುಮಾರು 45 ಘನ ಮಿಲಿಮೀಟರ್. ಎಪ್ಪತ್ತು ಹನಿಯಲ್ಲಿ ಒಂದು ಹನಿಗಿಂತ ತುಸು ಕಡಿಮೆ, ಗೆರೆ 0.03 ಮಿಲಿಮೀಟರ್ ಸರಿದರೆ ಆಗುವಷ್ಟೇ. ಈ ಒಂದು ಹನಿಯನ್ನು ನೂರಕ್ಕೆ ಎಂಬತ್ತು ಸಲ ಹಿಡಿಯಬೇಕಾದರೆ ಎಷ್ಟು ಜನ ಬೇಕು? ನಮ್ಮಲ್ಲಿ ನೂರಕ್ಕೆ 36 ಮಂದಿ ಮೆಟ್ ಇರುವವರು ಎಂದಾದರೆ ಸುಮಾರು 2,000. ಎರಡೂ ಪ್ರತಿ ಮೆಟ್ ಇರುವ ನೂರು ಜನರನ್ನು ಕೂಡಿಸಲೇ 2,500 ಮಂದಿಯ ಪರೀಕ್ಷೆ ಆಗಬೇಕು. ಅದು ಕಷ್ಟವೆಂದು ಒಂದು ಪ್ರತಿ, ಎರಡು ಪ್ರತಿ ಇರುವವರನ್ನೆಲ್ಲ ಒಂದೇ ಗುಂಪು ಮಾಡುವುದು ರೂಢಿ. ಆಗ ಒಂದಕ್ಕೂ ಎರಡಕ್ಕೂ ಪರಿಣಾಮ ಒಂದೇ ಎಂದು ಮೊದಲೇ ಒಪ್ಪಿಕೊಂಡ ಹಾಗಾಯಿತು.

ಇದರ ಜೊತೆಗೆ ಹುಡುಕುವ ದಾರಿಗಳು ಹಲವು. ಎಡಗಡೆಯದ್ದು, ಬಲಗಡೆಯದ್ದು, ಎರಡೂ ಸೇರಿ, ಬರೀ ಹೆಂಗಸರಲ್ಲಿ, ಬರೀ ಐವತ್ತು ದಾಟಿದವರಲ್ಲಿ. ಒಂದಕ್ಕೊಂದು ಸಂಬಂಧವಿಲ್ಲದ ಹತ್ತು ಪ್ರಯತ್ನ ಮಾಡಿದರೆ, ನಿಜದಲ್ಲಿ ಏನೂ ಇಲ್ಲದಿದ್ದರೂ ಒಂದಾದರೂ 'ಸಿಕ್ಕಿತು' ಎನ್ನಿಸುವ ಸಾಧ್ಯತೆ ಶೇಕಡಾ 40.

2012ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ ಕಂಡದ್ದು ಇದನ್ನೇ: ವರ್ಷ ಕಳೆದಂತೆ, ಹೊಸ ಅಧ್ಯಯನಗಳು ಸೇರಿದಂತೆ, ಪರಿಣಾಮ ಕುಗ್ಗುತ್ತ ಬಂದಿತ್ತು. ಜೀನು ಕಾಲಕ್ಕೆ ತಕ್ಕ ಹಾಗೆ ಬದಲಾಗುವುದಿಲ್ಲ. ಕುಗ್ಗಿದ್ದು ಮೊದಲಿನ ಉತ್ಪ್ರೇಕ್ಷೆ. 2014ರಲ್ಲಿ ಐದು ಸಾವಿರಕ್ಕೂ ಹೆಚ್ಚು ಆರೋಗ್ಯವಂತರ ಮಾಹಿತಿ ಸೇರಿಸಿದ ಇನ್ನೊಂದು ತಂಡಕ್ಕೆ ಗಣನೀಯ ಸಂಬಂಧವೇ ಕಾಣಲಿಲ್ಲ.

ಇದಕ್ಕೆ ಪೂರ್ತಿ ಬೇರೆಯದೇ ದಾರಿ ಹಿಡಿದದ್ದು ಎನಿಗ್ಮಾ ಎಂಬ ಅಂತರರಾಷ್ಟ್ರೀಯ ಒಕ್ಕೂಟ. ಇಂಥ ಜೀನ್ ಇರಬಹುದು ಎಂದು ಊಹಿಸಿ ಅದೊಂದನ್ನೇ ನೋಡುವ ಬದಲು ಇಡೀ ಜೀನ್‌ಕೋಶವನ್ನು, ಅಂದರೆ ಒಬ್ಬರ ಡಿಎನ್‌ಎಯನ್ನು ಪೂರ್ತಿಯಾಗಿ, ಜಾಲಾಡುವುದು. ಲಕ್ಷಾಂತರ ಜಾಗ ನೋಡುವಾಗ ಆಕಸ್ಮಿಕ ಗೆಲುವು ಸಾವಿರಾರು ಬರುತ್ತದೆ. ಆದ್ದರಿಂದ ಗೆರೆಯನ್ನು 0.05ರಿಂದ 10 ಲಕ್ಷ ಪಟ್ಟು ಬಿಗಿ ಮಾಡುತ್ತಾರೆ. 2012ರಲ್ಲಿ ಈ ಒಕ್ಕೂಟ ಇತರ ತಂಡದವರ ಮಾಹಿತಿಯೂ ಸೇರಿ 21,151 ಜನರನ್ನು ನೋಡಿತು. ಆ ಬಿಗಿ ಗೆರೆಯನ್ನು ದಾಟಿದ್ದು 12ನೇ ವರ್ಣತಂತುವಿನ ಒಂದು ರೂಪಭೇದ, ಆರ್‌ಎಸ್7294919. ಯಾರೂ ಮೊದಲೇ ಊಹಿಸಿರಲಿಲ್ಲ. ಅದರ ಒಂದೊಂದು ಪ್ರತಿಗೆ ಹಿಪೊಕ್ಯಾಂಪಸ್ ಕಡಿಮೆಯಾಗುವುದು 47.6 ಘನ ಮಿಲಿಮೀಟರ್. ಮತ್ತೆ ಅದೇ ಒಂದು ಹನಿ! ಇಡೀ ಜೀನ್‌ಕೋಶ ಹುಡುಕಿ ಖಚಿತವಾಗಿ ಸಿಕ್ಕಿದ ರೂಪಭೇದದ ಬಲವೇ ಅಷ್ಟು. ಅಷ್ಟೇ ಸೂಕ್ಷ್ಮದ ಅದೇ ಬಲೆಯಲ್ಲಿ ಬಿಡಿಎನ್‌ಎಫ್ ಸಿಗಲಿಲ್ಲ. ಹಳೆಯ ಅಧ್ಯಯನಗಳು ಹೇಳಿದ ಅಳತೆಯ ಪರಿಣಾಮ ಅದಕ್ಕಿದ್ದಿದ್ದರೆ ತಪ್ಪಿಸಿಕೊಳ್ಳುತ್ತಲೇ ಇರಲಿಲ್ಲ. 2015ರಲ್ಲಿ 30,717 ಜನರ ಮಿದುಳಿನ ಒಳಭಾಗಗಳನ್ನು ಅಳೆದಾಗಲೂ, ಎಲ್ಲಕ್ಕಿಂತ ಬಲವಾಗಿ ಕಂಡ ರೂಪಭೇದ ಪುಟಾಮೆನ್ ಎಂಬ ಭಾಗದ ಗಾತ್ರದ ಏರಿಳಿತದಲ್ಲಿ ವಿವರಿಸಿದ್ದು ಶೇಕಡಾ 0.52 ಮಾತ್ರ.

ಹಾಗಾದರೆ ಹಿಪೊಕ್ಯಾಂಪಸ್‌ನ ಗಾತ್ರ ವಂಶದಿಂದ ಬರುವುದಿಲ್ಲವೇ? ಬರುತ್ತದೆ. ಅವಳಿಗಳನ್ನು ಹೋಲಿಸಿದರೆ ಏರಿಳಿತದ ಅರ್ಧಕ್ಕಿಂತ ಹೆಚ್ಚು ವಂಶದ್ದೇ. ಅದು ಸಾವಿರಾರು ಕಡೆ ಚೂರುಚೂರಾಗಿ ಹಂಚಿಹೋಗಿದೆ, ಅಷ್ಟೆ. ಕೋಶದೊಳಗೆ ಮೆಟ್ ಮಾಡುವ ಬದಲಾವಣೆಯೂ ಸುಳ್ಳಾಗುವುದಿಲ್ಲ. ಇಡೀ ಅಂಗದ ಗಾತ್ರಕ್ಕೆ ಬರುವ ಹೊತ್ತಿಗೆ ನೂರಾರು ಬೇರೆ ಸಂಗತಿಗಳ ನಡುವೆ ಅದು ಕರಗಿ ಹೋಗುತ್ತದೆ ಎಂಬುದೇ ನಮ್ಮ ಓದು.

ಈ ದೊಡ್ಡ ಅಧ್ಯಯನಗಳಿಗೂ ಮಿತಿಯಿದೆ. ಅವುಗಳಲ್ಲಿ ಹೆಚ್ಚಿನವರು ಯುರೋಪ್ ಮೂಲದವರು. ಕರಾವಳಿಯ ಜನರನ್ನು ಅಳೆಯಬೇಕು ಎಂದು ಮಣಿಪಾಲದಲ್ಲೋ ದೇರಳಕಟ್ಟೆಯಲ್ಲೋ ಓದುವ ಸ್ನಾತಕೋತ್ತರ ವಿದ್ಯಾರ್ಥಿಗೆ ಅನಿಸಿದರೆ ಅದು ಒಳ್ಳೆಯ ಆಸೆ. ಆದರೆ ಪ್ರಬಂಧದ ಅವಧಿಯಲ್ಲಿ ಸಿಗುವ ಎಪ್ಪತ್ತು ಎಂಬತ್ತು ಮಂದಿಯನ್ನು ಇಟ್ಟುಕೊಂಡು ಈ ಪ್ರಶ್ನೆಗೆ ಇಳಿದರೆ ಏನಾಗುತ್ತದೆ ಎಂಬುದು ಬಂಗುಡೆಯ ಲೆಕ್ಕದಲ್ಲೇ ಇದೆ.

ನಮ್ಮ ಊರಿಗೆ ವಿಶೇಷವಾದ ಇನ್ನೊಂದು ತೊಡಕು: ಇಲ್ಲಿ ತಲೆತಲಾಂತರದಿಂದ ಮದುವೆ ಆಯಾ ಸಮುದಾಯದ ಒಳಗೇ. ಹಾಗಾಗಿ ಯಾವುದೇ ರೂಪಭೇದದ ಪ್ರಮಾಣ ಒಂದು ಸಮುದಾಯಕ್ಕೂ ಇನ್ನೊಂದಕ್ಕೂ ತುಸು ಬೇರೆಯಿರಬಹುದು. ಚಿಕ್ಕಂದಿನ ಊಟ, ಎತ್ತರ, ಓದು ಇವೂ ಬೇರೆಯಿರಬಹುದು, ಮತ್ತು ಅವು ತಲೆಯ ಗಾತ್ರವನ್ನು ತಟ್ಟುತ್ತವೆ. ಒಂದು ಗುಂಪಿನಲ್ಲಿ ಮೆಟ್ ಶೇಕಡಾ 15, ಇನ್ನೊಂದರಲ್ಲಿ 25 ಎಂದುಕೊಳ್ಳಿ. ಎರಡನೆಯವರು ಬಾಲ್ಯದ ಬಡತನದಿಂದ ಸ್ವಲ್ಪ ಕುಳ್ಳಗಿದ್ದಾರೆ ಎಂದೂ ಇಟ್ಟುಕೊಳ್ಳಿ. ಇಬ್ಬರನ್ನೂ ಕಲಸಿ ಲೆಕ್ಕ ಹಾಕಿದರೆ ಮೆಟ್ ಮಿದುಳನ್ನು ಕುಗ್ಗಿಸುತ್ತದೆ ಎಂಬ ಉತ್ತರ ಬರುತ್ತದೆ, ಜೀನಿನ ಪಾತ್ರ ಏನೂ ಇಲ್ಲದೆಯೇ. ಇದನ್ನು ತಪ್ಪಿಸಲು ಆರ್‌ಎಸ್6265 ಒಂದನ್ನೇ ಪರೀಕ್ಷಿಸಿದರೆ ಸಾಲದು. ಜೀನ್‌ಕೋಶದ ಉದ್ದಕ್ಕೂ ಲಕ್ಷಾಂತರ ಗುರುತುಗಳನ್ನು ಓದುವ ಚಿಪ್ ಬಳಸಿ, ವಂಶಮೂಲದ ಹತ್ತಿರ ದೂರವನ್ನು ಅಂಕಿಗಳಾಗಿ ತೆಗೆದು ಲೆಕ್ಕಕ್ಕೆ ಸೇರಿಸಬೇಕು. ಗೆರೆ ಎಳೆಯುವವರಿಗೆ ಯಾರ ಜೀನು ಯಾವುದು ಎಂದು ಗೊತ್ತಿರಬಾರದು. ಎಡವೋ ಬಲವೋ ಒಟ್ಟೋ ಎಂಬುದನ್ನು ಸ್ಕ್ಯಾನ್ ಶುರುವಾಗುವ ಮೊದಲೇ ಬರೆದು ನೋಂದಾಯಿಸಿರಬೇಕು. ಇಷ್ಟನ್ನು ಪಾಲಿಸಿದ ಎಂಬತ್ತು ಜನರ ಮಾಹಿತಿಗೆ ಬೆಲೆಯಿದೆ, ಒಂಟಿ ಪ್ರಬಂಧವಾಗಿ ಅಲ್ಲ, ಒಕ್ಕೂಟದ ಒಂದು ತುಂಡಾಗಿ. ಎನಿಗ್ಮಾದ ಕೆಲಸ ನಡೆಯುವುದೇ ಹೀಗೆ: ಒಂದೇ ವಿಧಾನವನ್ನು ಎಲ್ಲ ಊರಿಗೂ ಕಳಿಸುತ್ತಾರೆ, ಸ್ಕ್ಯಾನುಗಳು ಆಯಾ ಊರಿನಲ್ಲೇ ಉಳಿದು ಫಲಿತಾಂಶದ ಪಟ್ಟಿ ಮಾತ್ರ ಹೋದರೂ ಸಾಕಾಗುತ್ತದೆ.

ಕೈಯಲ್ಲಿ ವರದಿ ಹಿಡಿದು ಕೂತವರ ವಿಷಯಕ್ಕೆ ಬಂದರೆ, ಸಿಟಿ ಅಥವಾ ಟಿಟಿ ಎಂದಿದ್ದರೆ ಅದಕ್ಕಾಗಿ ಎಂಆರ್‌ಐ ಮಾಡಿಸಬೇಕಾಗಿಲ್ಲ. ಒಬ್ಬರ ಸ್ಕ್ಯಾನಿನಲ್ಲಿ ಒಂದು ಹನಿಯ ವ್ಯತ್ಯಾಸವನ್ನು ಯಾವ ವೈದ್ಯರೂ ಗುರುತಿಸಲಾರರು. ಅದೇ ವರದಿಯಲ್ಲಿ ಎಪಿಒಇ4 ಎಂಬ ಹೆಸರಿದ್ದರೆ ಅದು ಬೇರೆ ಸಂಗತಿ. ಆಲ್ಝೈಮರ್ ಅಪಾಯವನ್ನು ಅದು ನಿಜಕ್ಕೂ ಹಲವು ಪಟ್ಟು ಏರಿಸಬಲ್ಲದು, ಆದರೂ ಅದಿದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ. ಆ ಸಾಲನ್ನು ಮಾತ್ರ ನರರೋಗ ತಜ್ಞರ ಜೊತೆ ಕೂತು ಓದಬೇಕು. ಇನ್ನು ಮರೆವು ನಿಜವಾಗಿಯೂ ಕಾಡುತ್ತಿದ್ದರೆ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ದಿನಾ ಹೋಗುವ ದಾರಿ ತಪ್ಪುವುದು, ಅಂಗಡಿಯ ಲೆಕ್ಕ ತಪ್ಪುವುದು ಕಂಡರೆ, ಜೀನ್ ಹೇಗೇ ಇರಲಿ, ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಅಲ್ಲಿ ಮೊದಲು ನಡೆಯುವುದು ಹತ್ತಿಪ್ಪತ್ತು ನಿಮಿಷದ ನೆನಪಿನ ಪರೀಕ್ಷೆ, ಆಮೇಲೆ ಬಿ12, ಥೈರಾಯ್ಡ್, ಸಕ್ಕರೆಯ ರಕ್ತಪರೀಕ್ಷೆ. ಸಸ್ಯಾಹಾರಿ ಮನೆಗಳಲ್ಲಿ ಬಿ12 ಕೊರತೆ ಸಾಮಾನ್ಯ, ಅದು ಮರೆವನ್ನು ತರುತ್ತದೆ, ಬೇಗ ಗುರುತಿಸಿದರೆ ಸರಿಯಾಗುವ ಸಾಧ್ಯತೆಯೂ ಹೆಚ್ಚು. ಕಿವಿ ಸರಿಯಾಗಿ ಕೇಳುತ್ತದೆಯೇ, ನಿದ್ರೆ ಮಾತ್ರೆ ನುಂಗುತ್ತಿದ್ದಾರೆಯೇ ಎಂದು ವಿಚಾರಿಸುತ್ತಾರೆ. ಸ್ಕ್ಯಾನ್ ಬೇಕಾದರೆ ಆಮೇಲೆ; ಆಗಲೂ ರೇಡಿಯಾಲಜಿಸ್ಟ್ ಹಿಪೊಕ್ಯಾಂಪಸ್ ಸುತ್ತ ಎಷ್ಟು ಜಾಗ ಖಾಲಿಯಾಗಿದೆ ಎಂದು ಕಣ್ಣಳತೆಯಲ್ಲಿ ನೋಡಿ 0ಯಿಂದ 4ರವರೆಗೆ ಒಂದು ಅಂಕ ಕೊಡುತ್ತಾರೆ. ವಯಸ್ಸಿಗೆ ತಕ್ಕಂತೆ ಆ ಅಂಕವನ್ನು ಓದುವುದು ವೈದ್ಯರ ಕೆಲಸ. ಎಪ್ಪತ್ತೈದು ದಾಟಿದವರಲ್ಲಿ 2 ಇದ್ದರೂ ಅಷ್ಟರಿಂದಲೇ ಕಾಯಿಲೆ ಎಂದು ಹೇಳುವುದಿಲ್ಲ.